ಬಾಣಾವರದಲ್ಲಿ ಮಾತ್ರ ಓಡುವ ಆಟ

ಕೀಬೋರ್ಡ್ ಮುಟ್ಟುವ ಮೊದಲು ಅಡ್ಮಿನ್ ಅಕ್ಕ ಎರಡೂ ಕೈಯ ಬಳೆಗಳನ್ನು ಮೊಣಕೈ ಹತ್ತಿರಕ್ಕೆ ತಳ್ಳಿ, ಜಾರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿದು ಬಳೆಗಳು ಮತ್ತೆ ಮಣಿಕಟ್ಟಿಗೆ ಇಳಿದ ಮೇಲೂ ಬ್ಯಾಂಡಿನ ಗುರುತು ತೋಳಿನ ಮೇಲೆ ಕೆಂಪಗೆ ಉಳಿದಿರುತ್ತಿತ್ತು. ಹಸಿರು ಗಾಜಿನ ಬಳೆಗಳು ಎಂದು ಬರೆಯಲು ಹೊರಟಿದ್ದೆ. ಬಣ್ಣದ ಬಗ್ಗೆ ಖಾತ್ರಿಯಿಲ್ಲ. ಗುರುತು ಮಾತ್ರ ಖಾತ್ರಿ.

ಅರಸೀಕೆರೆಯಲ್ಲಿ ಅವರ ಮನೆಯವರದು ಕೊಬ್ಬರಿ ವ್ಯಾಪಾರ. ಅವರು ಮಾತ್ರ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದಾಗ, ಕಲಿಯಲು ಬಂದವರ ಬೆರಳು ಪಳಗಲಿ ಎಂದು ಒಂದು ಸಣ್ಣ ಆಟ ಮಾಡಿದ್ದರು. ತೆಂಗಿನಮರದಿಂದ ಕಾಯಿ ಬೀಳುತ್ತದೆ, ಕಾಯಿಯ ಮೇಲೆ ಒಂದು ಅಕ್ಷರ ಇರುತ್ತದೆ, ಆ ಅಕ್ಷರದ ಕೀಲಿಯನ್ನು ಬೇಗ ಒತ್ತದಿದ್ದರೆ ಕೆಳಗೆ ನಿಂತ ಮನುಷ್ಯನ ತಲೆಗೆ ಬೀಳುತ್ತದೆ. "ಆ ಮನುಷ್ಯನಿಗೆ ನಮ್ಮನೆಯವರ ಮೀಸೆ ಇಟ್ಟಿದೀನಿ ಕಣ್ರೀ. ಅವರಿಗಿನ್ನೂ ಗೊತ್ತಾಗಿಲ್ಲ," ಎಂದು ನಗುತ್ತಿದ್ದರು.

ಅವರು ಮಾಡಿದ ಆಟ ಅದೊಂದೇ. ಬೇರೆಯವರು ಮಾಡಿದ್ದನ್ನು ಆಡುವುದು ಆಮೇಲಿನ ಗೀಳು. ಹೊಟ್ಟೆಪಾಡಿಗೆ ಇನ್ನೇನೋ ಮಾಡುತ್ತಾ ಬಿಡುವಿನಲ್ಲಿ ಕಂಪ್ಯೂಟರ್ ಆಟ ಕಟ್ಟುವ ಕನ್ನಡದ ಮಂದಿಗೆ ಅಂತರ್ಜಾಲದಲ್ಲಿ ಒಂದು ಗುಂಪಿದೆ. ಬ್ಯಾಂಕಿನವರು, ಶಾಲೆಯವರು, ಔಷಧಿ ಅಂಗಡಿಯವರು ಎಲ್ಲ ಇದ್ದಾರೆ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರು. ಅವರಿಗಿಂತ ಹಿರಿಯರೂ ಅವರನ್ನು ಅಡ್ಮಿನ್ ಅಕ್ಕ ಎಂದೇ ಕರೆಯುತ್ತಿದ್ದರು. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ಒಂದು ಸ್ಪರ್ಧೆ ಇಡುತ್ತಿದ್ದರು. ಅಕ್ಕ ಒಂದು ವಿಷಯ ಕೊಡುವುದು, ಹತ್ತು ದಿನದಲ್ಲಿ ಅದರ ಮೇಲೆ ಒಂದು ಆಟ ಮಾಡಿ ಕಳಿಸುವುದು.

ನಾನು ಬೇಲೂರಿನ ಕಾಲೇಜೊಂದರಲ್ಲಿ ಪಾಠ ಮಾಡುವವನು. ಮೊದಲ ಸಲ ಕಳಿಸಿದ್ದು ಬಸ್‌ಸ್ಟ್ಯಾಂಡಿನ ಆಟ: ನಿಂತ ಬಸ್ಸಿನ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯಬೇಕು. ನನಗೆ ಅದರ ಬಗ್ಗೆ ಬಹಳ ಹೆಮ್ಮೆ ಇತ್ತು. ಅಕ್ಕ ಬರೆದು ಕಳಿಸಿದ ತೀರ್ಪು ಇಷ್ಟೇ: "ಟವಲ್ ಎಸೆಯೋದು ಗೊತ್ತಾಯ್ತು. ಯಾವ ಕಿಟಕಿ ತೆರೆದಿದೆ ಅಂತ ಗೊತ್ತಾಗ್ಲಿಲ್ಲ. ಮೂರು ಬಸ್ ಬಿಟ್ಟೆ. ನಾಲ್ಕನೇದರಲ್ಲಿ ಕೂತೆ." ಮೊದಲು ಸಿಟ್ಟು ಬಂತು. ಆಮೇಲೆ ಕಿಟಕಿಗಳನ್ನು ಸರಿ ಮಾಡಿದೆ.

ಎರಡು ವರ್ಷದ ಮೇಲೆ ನನ್ನನ್ನೂ ತೀರ್ಪುಗಾರನನ್ನಾಗಿ ಮಾಡಿದರು. ತೀರ್ಪುಗಾರರಿಗೆ ಅವರು ಹಾಕಿದ ಕಟ್ಟಳೆ ಒಂದೇ. ಎಂಥ ಆಟವೇ ಆಗಲಿ, ಕೊನೆಯವರೆಗೆ ಆಡಬೇಕು. "ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೀಬೇಡಿ ಮೇಷ್ಟ್ರೇ. ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ನೀವು ಎಲ್ಲಿ ಸಿಕ್ಕಾಕೊಂಡ್ರಿ, ಅದನ್ನ ಬರೀರಿ."

ಮೂರನೆಯ ತೀರ್ಪುಗಾರ ಹಾಸನದ ಒಬ್ಬ ಎಂಜಿನಿಯರ್, ನಮ್ಮಿಬ್ಬರಿಗಿಂತ ಚಿಕ್ಕವನು. ಸ್ಪರ್ಧೆಯ ವೆಬ್ ಪುಟ ಅವನದು. ಬಂದ ಆಟಗಳೆಲ್ಲ, ಹಿಂದಿನ ವರ್ಷಗಳ ಫಲಿತಾಂಶಗಳೆಲ್ಲ ಇದ್ದದ್ದು ಅದರಲ್ಲೇ. ಆ ಪುಟ ಇಲ್ಲದಿದ್ದರೆ ಸ್ಪರ್ಧೆಗೆ ನಿಲ್ಲಲು ಜಾಗವೇ ಇರಲಿಲ್ಲ. ಇದು ಅಕ್ಕನಿಗೂ ಚೆನ್ನಾಗಿ ಗೊತ್ತಿತ್ತು.

ಫಲಿತಾಂಶಕ್ಕೆ ಮುಂಚೆ ಮೂವರೂ ಒಂದು ಕಡೆ ಕೂರುವ ಪದ್ಧತಿ. ಮೂವರಿಗೂ ಬಸ್ಸಿಗೆ ಅನುಕೂಲ ಎಂದು ಹಳೇಬೀಡು. ಅಲ್ಲಿ ದೇವಸ್ಥಾನದ ಹತ್ತಿರ ಪ್ರವಾಸಿಗಳ ಗದ್ದಲ ಎಂದು ಪಕ್ಕದ ಬಸ್ತಿಹಳ್ಳಿ. ಬಸದಿಗಳ ಆವರಣದ ಹೊರಗೆ, ಮರದ ಕೆಳಗೆ ಚಾಪೆ ಹಾಸಿಕೊಂಡು, ಮೂರು ಲ್ಯಾಪ್‌ಟಾಪ್ ತೆರೆದು ಕೂತಿದ್ದೆವು. ಕಾವಲಿನವನು ಬಂದು ನಿಂತ.

"ಏನ್ ಸರ್ವೇನಾ?"

"ಇಲ್ಲಪ್ಪಾ, ಆಟ ಆಡ್ತಿದೀವಿ," ಎಂದರು ಅಕ್ಕ.

"ಮೂರ್ ಜನ ದೊಡ್ಡೋರು ಕೂತ್ಕಂಡಾ?"

"ಹೂಂ. ಇನ್ನೂ ಒಂದು ಬಾಕಿ ಐತೆ. ಮುಗಿಸಿ ಎದ್ದೋಗ್ತೀವಿ."

ಆ ಬಾಕಿ ಇದ್ದ ಒಂದು, ಬಾಣಾವರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬರು ಕಳಿಸಿದ್ದು. ಅವರು ಗುಂಪಿಗೆ ಹೊಸಬರು, ಇದು ಅವರ ಮೊದಲ ಆಟ. ಆ ವರ್ಷ ಅಕ್ಕ ಕೊಟ್ಟಿದ್ದ ವಿಷಯ 'ಎಲ್ಲರೂ ಒಟ್ಟಿಗೆ'. ಆಟ ತೆರೆದೆವು. ಹೆಸರು ಬಂತು, ಆಮೇಲೆ ಪರದೆ ಕಪ್ಪಾಯಿತು. ಮೂರೂ ಲ್ಯಾಪ್‌ಟಾಪ್‌ಗಳಲ್ಲಿ ಅದೇ. ಎಂಜಿನಿಯರ್ ಒಳಗೆಲ್ಲ ಕೆದಕಿ ನೋಡಿ ನಕ್ಕ. "ಅವರ ಕಂಪ್ಯೂಟರಿನ ಡಿ ಡ್ರೈವಲ್ಲಿರೋ ಮದುವೆ ಫೋಟೋಗಳನ್ನ ಹುಡುಕ್ತಾ ಇದೆ ಅಕ್ಕಾ. ಆಟ ಕಳಿಸಿದಾರೆ, ಫೋಟೋಗಳನ್ನ ಜೊತೇಲಿ ಹಾಕೇ ಇಲ್ಲ. ಇದು ಅವರ ಸ್ಟುಡಿಯೋ ಬಿಟ್ಟು ಎಲ್ಲೂ ಓಡಲ್ಲ."

ಇಂಥ ತಪ್ಪು ನಾವೆಲ್ಲ ಒಮ್ಮೆಯಾದರೂ ಮಾಡಿದ್ದೇವೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡಿದರೆ ಲೋಕದಲ್ಲೆಲ್ಲ ಓಡುತ್ತದೆ ಎಂದುಕೊಳ್ಳುತ್ತೇವೆ.

ಅಕ್ಕ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆ ವಾಲಗದ ಸದ್ದು. ಯಾವುದೋ ಮದುವೆಯಲ್ಲಿದ್ದರು.

"ಓಡ್ತದಲ್ಲ ಮೇಡಂ! ನೆನ್ನೇನೂ ಆಡ್ದೆ. ಓಹ್... ಫೋಟೋ ಬಂದಿಲ್ವಾ? ಸ್ಟುಡಿಯೋಗೆ ಹೋದೇಟ್ಗೆ ಕಳುಸ್ತೀನಿ ಮೇಡಂ, ಎಲ್ಲಾ ಕಳುಸ್ತೀನಿ."

"ಬೇಡ. ಟೈಮ್ ಮುಗಿದಿದೆ. ಏನನ್ನೂ ಮುಟ್ಟಬೇಡಿ, ಏನನ್ನೂ ಕಳಿಸಬೇಡಿ."

ಹಿಂದಿನ ವರ್ಷ ಕರೆಂಟ್ ಹೋಗಿ ತಡವಾಯಿತು ಎಂದ ಒಬ್ಬರ ಆಟವನ್ನು ಅಕ್ಕ ತೆಗೆದುಕೊಂಡಿರಲಿಲ್ಲ. ಕಳಿಸುವ ಹೊತ್ತು ದಾಟಿದ ಮೇಲೆ ಯಾರಿಗೂ ಒಂದು ಚುಕ್ಕೆ ಬದಲಾಯಿಸಲು ಬಿಟ್ಟವರಲ್ಲ.

"ಮುಗೀತಲ್ಲ ಅಕ್ಕಾ. ಔಟ್," ಎಂದ ಎಂಜಿನಿಯರ್.

"ಅದ್ಹೆಂಗೋ ಔಟು? ಟೈಮಿಗೆ ಸರಿಯಾಗಿ ಕಳ್ಸಿದಾರೆ. ಓಡೋ ಜಾಗ ಒಂದಿದೆ. ಅಲ್ಲಿಗೆ ಹೋಗಿ ಆಡೋದು." ಫೋನಿಗೆ ಬಾಗಿ ಕೇಳಿದರು, "ನೀವು ಸ್ಟುಡಿಯೋದಲ್ಲಿ ಯಾವತ್ತು ಸಿಗ್ತೀರಿ?"

"ಬುಧವಾರದ ಗಂಟ ಮದುವೆಗಳವೆ ಮೇಡಂ. ಗುರುವಾರ ಬೆಳಿಗ್ಗೆ ಬಾಗ್ಲು ತೆಗೀತೀನಿ."

"ಗುರುವಾರ ಬರ್ತೀವಿ."

ಫಲಿತಾಂಶ ಭಾನುವಾರ ಎಂದು ಪುಟದ ಮೇಲೆ ದಪ್ಪಕ್ಷರದಲ್ಲಿತ್ತು. ಎಂಜಿನಿಯರ್ ಲ್ಯಾಪ್‌ಟಾಪ್ ಮುಚ್ಚಿದ.

"ಅಕ್ಕಾ, ಎಲ್ಲಾ ಕಂಪ್ಯೂಟರಲ್ಲೂ ಓಡಬೇಕು ಅಂತ ರೂಲ್ಸ್ ಬರೆದಿದ್ದು ನೀವೇ. ಬೇಕಾದ್ರೆ ಅವರು ಆಡಿ ವಿಡಿಯೋ ಕಾಲಲ್ಲಿ ತೋರಿಸ್ಲಿ."

"ನೋಡೋದು ಬೇರೆ, ಆಡೋದು ಬೇರೆ ಕಣೋ."

"ನಿಯಮ ನೋಡ್ಕೊಂಡು ಸರಿಯಾಗಿ ಮಾಡಿದೋರು ಏನ್ ಪಾಪ ಮಾಡಿದಾರೆ? ಇವರೊಬ್ಬರಿಗೋಸ್ಕರ ಅವರೆಲ್ಲ ಕಾಯ್ಬೇಕಾ? ಡೇಟ್ ಮುಂದಕ್ಕೆ ಹಾಕಿದ್ರೆ ನಾನಿರಲ್ಲ. ಪುಟಾನೂ ಇರಲ್ಲ."

ಅಕ್ಕ ನನ್ನ ಕಡೆ ತಿರುಗಿದರು. "ನೀವೇನಂತೀರಿ ಮೇಷ್ಟ್ರೇ?"

ಎಂಜಿನಿಯರ್ ಹೇಳುವುದು ಸರಿ ಎಂದು ನಾನು ಹೇಳಿದೆ. ಹೇಳಿದೆನೋ, ಬರೀ ಅಂದುಕೊಂಡೆನೋ, ಈಗ ಬೇರ್ಪಡಿಸಲಾರೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆ ಸಂಜೆ ಅಕ್ಕ ಗುಂಪಿನಲ್ಲಿ ದೊಡ್ಡ ಸಮರ್ಥನೆ ಬರೆದರು ಎಂದೇ ನನ್ನ ನೆನಪಿತ್ತು. ಇದನ್ನು ಬರೆಯುವ ಮೊದಲು ಹಿಂದಕ್ಕೆ ಹೋಗಿ ಹುಡುಕಿದೆ. "ಒಂದು ಆಟ ಆಡುವುದು ಬಾಕಿ ಇದೆ. ಫಲಿತಾಂಶ ಗುರುವಾರ ಸಂಜೆ." ಅಷ್ಟೇ ಇದೆ. ಉಳಿದ ಮಾತುಗಳನ್ನು ಅವರ ಪರವಾಗಿ ನಾನೇ ಕಟ್ಟಿಕೊಂಡಿದ್ದಿರಬೇಕು.

ಗುರುವಾರ ನಾನು ಜಾವಗಲ್ ಮೇಲೆ ಬಸ್ಸಿನಲ್ಲಿ ಬಾಣಾವರಕ್ಕೆ ಹೋದೆ. ಡೈರಿಯಲ್ಲಿ ಆ ದಿನದ್ದು ಮೂರು ಮಾತು: ಬಾಣಾವರ, ಸ್ಟುಡಿಯೋ, ಬಿಸಿಲು. ಅಕ್ಕ ಆಗಲೇ ಬಂದು ಮೆಟ್ಟಿಲ ಕೆಳಗೆ ನಿಂತಿದ್ದರು. ಸ್ಟುಡಿಯೋದವರು ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹಿಂದಿನ ದಿನದ ಮದುವೆಯ ನಿದ್ದೆ ಕಣ್ಣಲ್ಲೇ ಇತ್ತು. ನಮಗೆ ಕುರ್ಚಿ ಒರೆಸಿ ಕೊಟ್ಟು, ತಾವು ಪರದೆಯ ಪಕ್ಕ, ನೀಲಿ ಬಟ್ಟೆಯ ಮುಂದೆ ನಿಂತರು; ಪಾಸ್‌ಪೋರ್ಟ್ ಫೋಟೋಗೆ ನಿಂತವರಂತೆ ಕಾಣುತ್ತಿದ್ದರು.

ಅಕ್ಕ ಬಳೆ ತಳ್ಳಿಕೊಂಡು ಕೂತರು.

ಮದುವೆ ಮಂಟಪದಲ್ಲಿ ಗ್ರೂಪ್ ಫೋಟೋ ತೆಗೆಯುವುದೇ ಆಟ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಆಫೀಸಿನವರು ಹೀಗೆ ಒಂದೊಂದೇ ತಂಡ ವೇದಿಕೆ ಹತ್ತುತ್ತದೆ. ಎಲ್ಲರೂ ಒಟ್ಟಿಗೆ ಕ್ಯಾಮೆರಾ ನೋಡುವ ಗಳಿಗೆಗೆ ಗುಂಡಿ ಒತ್ತಬೇಕು. ಒಬ್ಬ ಮಾವ ಇತ್ತ ತಿರುಗಿದರೆ ಒಬ್ಬ ಅತ್ತೆ ಸೆರಗು ಸರಿಮಾಡುತ್ತಾಳೆ. ಮಗು ಅತ್ತರೆ ಮೊದಲಿನಿಂದ ಶುರು. ತಂಡಗಳು ಮುಗಿಯುವುದೇ ಇಲ್ಲ. ನಾನು ಒಂದಿಷ್ಟು ಆಡಿ ಅಕ್ಕನಿಗೆ ಬಿಟ್ಟುಕೊಟ್ಟೆ. ನಿಜ ಹೇಳಬೇಕೆಂದರೆ ಬೇಸರವಾಗಿತ್ತು. ಅವರು ಏಳಲಿಲ್ಲ.

"ಈ ಟೋಪಿ ಹಾಕ್ಕೊಂಡೋರು ಯಾವಾಗ ಈ ಕಡೆ ನೋಡ್ತಾರ್ರೀ?"

"ಅವ್ರು ನೋಡಾಕಿಲ್ಲ ಮೇಡಂ. ಅವ್ರು ನಮ್ ದೊಡ್ಡಪ್ಪ. ಅವ್ರನ್ನ ಮಾತಾಡ್ಸಬೇಕು, ಆಗ ತಿರುಗ್ತಾರೆ."

"ಮಾತಾಡ್ಸೋಕೆ ಯಾವ ಗುಂಡಿ?"

ಸ್ಟುಡಿಯೋದವರು ತಲೆ ಕೆರೆದುಕೊಂಡರು. "ಅದು ನಂಗೆ ಗೊತ್ತಿತ್ತಲ್ಲ, ಅಲ್ಲಿ ಬರ್ದೇ ಇಲ್ಲ..."

"ಬರ್ಕೊಳ್ಳಿ ಮೇಷ್ಟ್ರೇ. ದೊಡ್ಡಪ್ಪನ ಹತ್ರ ಸಿಕ್ಕಾಕೊಂಡ್ವಿ."

ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೊನೆಗೆ ಆಟದೊಳಗಿನ ಕೊನೆಯ ತಂಡವೂ ವೇದಿಕೆ ಇಳಿಯಿತು. ಫೋಟೋಗ್ರಾಫರ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊಟದ ಹಾಲಿಗೆ ನಡೆಯುತ್ತಾನೆ. ಅಲ್ಲಿ ಎಲೆ ಎತ್ತಿ, ಟೇಬಲ್ ಒರೆಸುತ್ತಿರುತ್ತಾರೆ. ಅಲ್ಲಿಗೆ ಆಟ ಮುಗಿಯುತ್ತದೆ. ಅಕ್ಕ ಜೋರಾಗಿ ನಕ್ಕರು. ಸ್ಟುಡಿಯೋದವರೂ ನಕ್ಕರು. "ದಿಟ ಮೇಡಂ. ನಮ್ಗೆ ಯಾವತ್ತೂ ಪಾಯ್ಸ ಸಿಕ್ಕಾಕಿಲ್ಲ."

ಸಂಜೆ ಗುಂಪಿನಲ್ಲೇ ಫಲಿತಾಂಶ ಪ್ರಕಟವಾಯಿತು. ಆ ಆಟ ಕೊನೆಯಿಂದ ಎರಡನೆಯದು. ಅಕ್ಕನೂ ಅದಕ್ಕೆ ಹೆಚ್ಚು ಅಂಕ ಕೊಟ್ಟಿರಲಿಲ್ಲ. ಆ ಹೊತ್ತಿಗೆ ಪುಟ ಹೋಗಿತ್ತು. ಎಂಜಿನಿಯರ್ ಹೇಳಿದಂತೆ ಮಾಡಿದ್ದ. ಮೊದಲ ಸ್ಥಾನ ಬಂದ ಮಂಗಳೂರಿನ ಹುಡುಗಿ ಗುಂಪಿನಲ್ಲಿ ಕೇಳಿದಳು: "ಪುಟವೇ ಇಲ್ಲ ಅಕ್ಕಾ. ಗೆದ್ದದ್ದು ಅಂತ ನಾನು ಯಾರಿಗೆ ಏನು ತೋರಿಸಲಿ?"

ಮುಂದಿನ ವರ್ಷ ಅರ್ಧಕ್ಕರ್ಧ ಜನ ಬರಲಿಲ್ಲ. ಅದರ ಮುಂದಿನ ವರ್ಷ ಇನ್ನೂ ಕಡಿಮೆ. ಎಂಜಿನಿಯರ್ ಬೆಂಗಳೂರಿನ ಕೆಲವರ ಜೊತೆ ಬೇರೆ ಸ್ಪರ್ಧೆ ಶುರು ಮಾಡಿದ, ಅದು ಚೆನ್ನಾಗಿಯೇ ನಡೆಯುತ್ತಿದೆ. ಒಮ್ಮೆ ಅರಸೀಕೆರೆಯಲ್ಲಿ ಅಕ್ಕನ ಮನೆಗೆ ಹೋದಾಗ ಅವರನ್ನು ಕೇಳಿದೆ, ಅವತ್ತು ತಪ್ಪು ಮಾಡಿದೆ ಅನ್ನಿಸುತ್ತದೆಯೇ ಎಂದು.

"ಒಂದೊಂದ್ಸಲ ಅನ್ನಿಸುತ್ತೆ. ಆ ಮಂಗಳೂರಿನ ಮಗು ಕೇಳಿದ್ದು ನೆನೆಸ್ಕೊಂಡ್ರೆ ಖಂಡಿತಾ ಅನ್ನಿಸುತ್ತೆ." ಕಾಫಿ ಲೋಟ ಕೆಳಗಿಟ್ಟರು. "ಆದ್ರೆ ಆಡದೆ ಹೆಂಗ್ರೀ ಬಿಡೋದು? ಮಾಡಿ ಕಳ್ಸಿದಾರೆ ಅವರು."

ಇದಕ್ಕಿಂತ ದೊಡ್ಡ ವಿವರಣೆ ಅವರಿಂದ ನನಗೆ ಸಿಗಲಿಲ್ಲ. ಇನ್ನೂ ಏನೋ ಹೇಳಿದ್ದರು ಎಂದು ಬರೆಯುವ ಆಸೆಯಾಗುತ್ತದೆ. ಹೇಳಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅವರು ಕಾಯಿಲೆ ಬಿದ್ದರು. ಹಾಸನದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಲಿಂಗೈಕ್ಯರಾದರು. ಊರ ಹೊರಗಿನ ತೋಟದಲ್ಲೇ ಸಮಾಧಿ ಮಾಡಿದರು. ಎಂಜಿನಿಯರ್ ಬಂದಿದ್ದ. ಮಣ್ಣು ಹಾಕಿ ಬಂದು ನನ್ನ ಪಕ್ಕ ನಿಂತು, "ಅವತ್ತು ಅಕ್ಕ ಮಾಡಿದ್ದು ಸರಿ ಅಂತ ನನಗೆ ಈಗಲೂ ಅನ್ನಿಸಲ್ಲ ಸಾರ್," ಎಂದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆ ಆಟದ ಕೊನೇಲಿ ಏನಿತ್ತು?" ಹೇಳಿದೆ. ಅವನು ತಲೆ ತಗ್ಗಿಸಿದ. ನಗು ತಡೆದುಕೊಂಡನೋ, ಇನ್ನೇನನ್ನೋ, ನಾನು ನೋಡಲಿಲ್ಲ.

ಸ್ಟುಡಿಯೋದವರು ಸಿಕ್ಕಿದ್ದು ಅದಾಗಿ ಬಹಳ ದಿನದ ಮೇಲೆ, ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ. ಕ್ಯಾಮೆರಾ ಬ್ಯಾಗು ಕಾಲ ಬಳಿ ಇಟ್ಟುಕೊಂಡು ಬಾಳೆಹಣ್ಣು ತಿನ್ನುತ್ತಿದ್ದರು. ಮತ್ತೆ ಏನಾದರೂ ಆಟ ಮಾಡಿದಿರಾ ಎಂದು ಕೇಳಿದೆ. ಮಾಡಿದ್ದರೆ ಎಲ್ಲಕ್ಕೂ ಒಂದು ಅರ್ಥ ಬರುತ್ತಿತ್ತು ಎಂಬ ಆಸೆ ನನ್ನದು.

"ಇಲ್ಲ ಸಾರ್. ಮತ್ತೆ ಕೈಯೇ ಹಾಕ್ಲಿಲ್ಲ." ಹಣ್ಣಿನ ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ಅತ್ತಿತ್ತ ನೋಡಿದರು. "ಒಂದ್ ಮಾಡ್ದೆ. ಮೇಡಂ ಪೂರ್ತಿ ಆಡುದ್ರು. ನಮ್ ಹೆಂಡ್ರೇ ಅದ್ನ ಪೂರ್ತಿ ಆಡಿಲ್ಲ."

ಬಸ್ಸು ಬಂತು, ಅವರು ಹತ್ತಿದರು.

ಇಷ್ಟಕ್ಕಾಗಿ ಒಂದು ಸ್ಪರ್ಧೆಯನ್ನು ಕಳೆದುಕೊಳ್ಳಬಹುದೇ ಎಂದು ಯಾರು ಬೇಕಾದರೂ ಕೇಳಬಹುದು. ಈಗ ಅದನ್ನು ನಡೆಸುತ್ತಿರುವವನು ನಾನು. ಯಾರೂ ನನ್ನನ್ನು ಕೇಳಿಕೊಳ್ಳಲಿಲ್ಲ. ದೀಪಾವಳಿ ಕಳೆದ ಮೇಲೆ ಗುಂಪಿನಲ್ಲಿ ಯಾರೂ ಏನೂ ಬರೆಯದಿದ್ದಾಗ ನಾನೇ ಒಂದು ವಿಷಯ ಬರೆದು ಹಾಕಿದೆ. ಈ ವರ್ಷ ಬಂದದ್ದು ನಾಲ್ಕು ಆಟ. ಒಂದರಲ್ಲಿ ಹೊಳೆ ದಾಟಿಸುವ ದೋಣಿಯಿದೆ, ಅದನ್ನು ಮಾಡಿದವರಿಗೆ ದೋಣಿ ಎಷ್ಟು ನಿಧಾನ ಎಂಬ ಅಂದಾಜೇ ಇದ್ದಂತಿಲ್ಲ. ಭಾನುವಾರ ಮಧ್ಯಾಹ್ನವೆಲ್ಲ ಅದರ ಮುಂದೆ ಕೂತಿದ್ದೆ. ಸಂಜೆಗೆ ದಡ ಮುಟ್ಟಿತು.