ಮುರಂ ರಸ್ತೆಯ ಕೆಳಗಿನ ಕಾಲುವೆ

ಹಟ್ಟಿಯಿಂದ ಮುಂಜಾನೆ ಆರೂವರೆಗೆ ಹೊರಟೆ. ಗಂಡನಿಗೆ ಚಿನ್ನದ ಗಣಿಯಲ್ಲಿ ಮೊದಲ ಶಿಫ್ಟು. ಸಿಂಧನೂರಿನ ಪ್ಲಾಟು ನೋಡಿ ಸಹಿ ಹಾಕಿ ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಂದಿನ ವರ್ಷ ಅವರು ನಿವೃತ್ತರಾದರೆ ಕಂಪನಿ ಕ್ವಾರ್ಟರ್ಸ್ ಬಿಡಬೇಕು. ಅಷ್ಟರೊಳಗೆ ಸ್ವಂತ ಮನೆ ಆಗಲೇಬೇಕೆಂದು ಹಟ ಹಿಡಿದವಳು ನಾನೇ.

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರು ಪುಕ್ಕಟೆ ಟಿಕೆಟ್ ಕೊಟ್ಟ. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಮಿರ್ಚಿ ಬಿಡಲಿಲ್ಲ. ಮುಂದೆ ಒಣ ಹೊಲಗಳು ಮುಗಿದು ಭತ್ತದ ಗದ್ದೆಗಳು ಶುರುವಾದವು. ಸಿಂಧನೂರು ಇನ್ನೂ ದೂರವಿರುವಾಗಲೇ ಗದ್ದೆಗಳ ನಡುವೆ ಲೇಔಟುಗಳ ಕಮಾನು, ಬಣ್ಣ ಬಳಿದ ಕಲ್ಲು ಕಾಣಿಸತೊಡಗಿದವು.

ಬಸ್ ಸ್ಟ್ಯಾಂಡಿನಲ್ಲಿ ಪ್ಲಾಟಿನ ಏಜೆಂಟ್ ಬೈಕ್ ತಂದು ಕಾಯುತ್ತಿದ್ದ. ಹೋಗಿ ನೋಡಿದರೆ ನನ್ನ ಪ್ಲಾಟಿನ ಮುಂದಿನ ಕೆಂಪು ಮುರಂ ಮಣ್ಣಿನ ರಸ್ತೆಯ ಮೇಲೆ ಎಂಟು ಹೆಂಗಸರು ಮಣ್ಣು ಅಗೆಯುವ ಸನಿಕೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕಿತ್ತ ಭತ್ತದ ಸಸಿಯ ಕಟ್ಟುಗಳು ಬಿಸಿಲಿಗೆ ಬಾಡುತ್ತಿದ್ದವು.

ಅವರಲ್ಲಿ ಒಬ್ಬಳು ಗಂಗಮ್ಮ; ಲೇಔಟಿನ ಹಿಂದಿನ ಗದ್ದೆ ಅವಳದು. "ಇವತ್ತು ಸೋಮಾರ, ನಮ್ಮ ನೀರಿನ ಪಾಳಿರೀ," ಎಂದಳು. "ನೀರು ಬಂದ ಬರತೈತಿ ಅಂತ ನಸುಕಿನ್ಯಾಗ ಸಸಿ ಕಿತ್ತೀವಿ. ಬಂದು ನೋಡಿದ್ರ ಲೇಔಟಿನವರು ಕಾಲುವಿ ಮ್ಯಾಲ ಮಣ್ಣು ಹಾಕಿ ರಸ್ತೆ ಮಾಡ್ಯಾರ. ಇವತ್ತು ನೀರು ಹಾಯದಿದ್ರ ಸಸಿ ಸತ್ತಂಗ, ಈ ಬೆಳಿನೂ ಹೋದಂಗ."

ಏಜೆಂಟ್ ನನ್ನತ್ತ ತಿರುಗಿದ. "ಮೇಡಂ, ನಿಮ್ಮ ಪ್ಲಾಟಿನ ದಾರಿ ಅದು. ಅಗಿಬ್ಯಾಡ್ರಿ ಅಂತ ನೀವರೆ ಹೇಳ್ರಿ."

ಅವನ ಮಾತಿಗೆ ನನಗೆ ಮೈ ಉರಿಯಿತು. "ಅಗೀರಿ," ಎಂದೆ. ಸೆರಗು ಸಿಕ್ಕಿಸಿ ನಾನೂ ಒಂದು ಸನಿಕೆ ಹಿಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮಧ್ಯಾಹ್ನ ಎರಡರ ಹೊತ್ತಿಗೆ ರಾಡಿ ನೀರು ರಸ್ತೆ ಸೀಳಿಕೊಂಡು ಗದ್ದೆಗೆ ನುಗ್ಗಿತು. ಹೆಂಗಸರು ಸಸಿಯ ಕಟ್ಟು ಎತ್ತಿಕೊಂಡು ಕೆಸರಿಗೆ ಇಳಿದೇಬಿಟ್ಟರು.

"ಮೊದಲು ಇಲ್ಲಿ ಪೈಪ್ ಹಾಕಸು, ಆಮ್ಯಾಲೆ ನನ್ನ ಸಹಿ," ಎಂದು ಏಜೆಂಟನಿಗೆ ಖಡಕ್ಕಾಗಿ ಹೇಳಿದೆ. ನ್ಯಾಯ ಮಾಡಿದೆನೆಂಬ ಜಂಬ ಒಳಗೊಳಗೇ ಇತ್ತು.

ಗಂಗಮ್ಮ ಬದುವಿನ ಮೇಲೆ ನಿಂತು ನಕ್ಕಳು. "ಪೈಪ್ ಹಾಕಿದ್ರೂ ನಿಮ್ಮ ಬಚ್ಚಲ ನೀರು ಎಲ್ಲಿಗೆ ಬರತೈತಿ ಅಕ್ಕಾ? ನನ್ನ ಗದ್ದಿಗೇ ಅಲ್ಲೇನು?"

ಏಜೆಂಟ್ ಚಾಚಿದ ಕಾಗದವನ್ನು ಸಹಿ ಹಾಕದೆ ವಾಪಸು ಕೊಟ್ಟೆ.

ಬಸ್ ಸ್ಟ್ಯಾಂಡಿನಿಂದ, ಶಿಫ್ಟು ಮುಗಿಸಿದ್ದ ಗಂಡನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಮೂವತ್ತು ವರ್ಷ ನೆಲದೊಳಗ ಇಳದೀನಿ," ಎಂದರು. "ನೆಲದ ಮ್ಯಾಲ ನನಗೊಂದು ಮನಿ ಸಿಗವಲ್ದೇನು?"



"ಸಿಗತೈತ್ರೀ," ಎಂದೆ. "ಹುಡುಕೂಣು. ಇಲ್ಲಿ ಮಾತ್ರ ಬ್ಯಾಡ."