ಕೊಮ್ಯೂನ್ ಕಾಯುವ ಅರಿಶಿನ

ಕಾರ್ಲ್‌ಸ್ಕ್ರೂನಾ ಹತ್ತಿರದ ಪುಟ್ಟ ಊರಿನಲ್ಲಿ ನಾವು ಹಳೆಯ ಮರದ ಮನೆಯೊಂದನ್ನು ಕೊಂಡೆವು. ಬೀದಿಗೆ ಕಾಣುವ ಯಾವುದರ ಬಣ್ಣವನ್ನೂ ಊರಿನ ಆಡಳಿತ ನೋಡಿಕೊಳ್ಳುವ ಕೊಮ್ಯೂನಿನ ಅನುಮತಿಯಿಲ್ಲದೆ ಬದಲಿಸುವಂತಿಲ್ಲ ಎಂದು ಮನೆ ಮಾರಿದವರು ಹೇಳಿದ್ದರು. ನಾನೂ ತಲೆಯಾಡಿಸಿ ಸಹಿ ಹಾಕಿದ್ದೆ. ಗೃಹಪ್ರವೇಶದ ಸಡಗರದಲ್ಲಿ ಅದೆಲ್ಲ ಮರೆತು ಹೊಸ್ತಿಲಿಗೆ ಕೈತುಂಬ ಅರಿಶಿನ ಬಳಿದೆ. ಒಣ ಮರ ಅದನ್ನು ಗಟಗಟನೆ ಕುಡಿದುಬಿಟ್ಟಿತು! ಸೋಪು ಹಾಕಿ ಉಜ್ಜಿದರೆ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ.

ಮರುವಾರ ಕೊಮ್ಯೂನಿನಲ್ಲಿ ಹಳೆಯ ಮನೆಗಳ ಉಸ್ತುವಾರಿ ನೋಡುವ ಮಹಿಳೆ ಬಂದು ಹೊಸ್ತಿಲ ಮುಂದೆ ಮಂಡಿಯೂರಿದರು. ದಂಡ ಎಷ್ಟಾದೀತು ಎಂದು ನಾನು ಲೆಕ್ಕ ಹಾಕತೊಡಗಿದೆ. ಆಕೆ ಬೆರಳಿನಿಂದ ಸವರಿ, ಮೂಸಿ ನೋಡಿ, "ಎಷ್ಟು ಚೆಂದ!" ಎಂದರು.

ಆ ಬೇಸಿಗೆಯಲ್ಲಿ ಪ್ರವಾಸಿಗರಿಗೆ ಹಂಚುವ ಊರಿನ ಕೈಪಿಡಿಯ ಮುಖಪುಟದಲ್ಲಿ ನನ್ನ ಹೊಸ್ತಿಲು! ಜನ ಬಂದು ಬಂದು ಫೋಟೊ ತೆಗೆಯುತ್ತಿದ್ದರು. ನಾನು ಪರದೆಯ ಹಿಂದೆ ನಿಂತು ನಕ್ಕಿದ್ದೇ ನಕ್ಕಿದ್ದು. ಜೊತೆಗೇ ಪತ್ರವೂ ಬಂತು: ಅನುಮತಿಯಿಲ್ಲದೆ ಈ ಹಳದಿಯನ್ನು ಇನ್ನು ಮುಟ್ಟುವಂತಿಲ್ಲ.

ಉಡುಪಿಯಿಂದ ಅತ್ತೆ ಫೋನ್ ಮಾಡಿದರು. "ಹೊಸ್ತಿಲಿಗೆ ಅರಿಶಿನ ಹಚ್ತಾ ಇದ್ದೀಯಲ್ಲ?"

"ಕೊಮ್ಯೂನ್ ಪರ್ಮಿಶನ್ ಬೇಕು ಅತ್ತೆ."

"ಅರಿಶಿನಕ್ಕೂ ಪರ್ಮಿಶನ್ನಾ? ಹಾಗಾದ್ರೆ ಕೇಳು ಮತ್ತೆ!"

ಕೂಡಲೇ ಅರ್ಜಿ ತುಂಬಲು ಕುಳಿತೆ. ಎಷ್ಟು ಸಮಯಕ್ಕೊಮ್ಮೆ ಬಣ್ಣ ಹಚ್ಚುತ್ತೀರಿ ಎಂಬಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದೆ. ಕಾರಣ ಎಂಬಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ‘ಶುಕ್ರವಾರ’.