ಕೆಂಪು ದೀಪವೂ ಅತ್ತೆಯ ಸೋಬಾನೆಯೂ

ಮೈಕಿನ ಮುಂದೆ ನಿಂತ ಮನುಷ್ಯ ಮೊದಲು ಆಡುವುದು ಸುಳ್ಳು. ಪರೀಕ್ಷೆಗೆಂದು ‘ಹಲೋ’ ಅನ್ನುವಾಗ ಸಾಧು ಹಸುವಿನಂತಿರುತ್ತಾನೆ. ಅದನ್ನು ನಂಬಿ ದನಿ ಏರಿಳಿಸುವ ಗುಂಡಿ ತಿರುಗಿಸಿಟ್ಟಿರೋ, ಹಾಡು ಶುರುವಾದೊಡನೆ ಸ್ಪೀಕರು ಹರಿದ ತಮಟೆಯಾಗುತ್ತದೆ. ಈ ಸತ್ಯ ನನಗೆ ತಿಳಿದದ್ದು ಸೋದರತ್ತೆ ಮಾದಮ್ಮನಿಂದ.

ತಾಳವಾಡಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ನನಗೆ ಗಿಟಾರಿನ ಹುಚ್ಚು. ನುಡಿಸುವುದು ಕಡಿಮೆ, ಶ್ರುತಿ ಮಾಡುವುದರಲ್ಲೇ ನನ್ನ ಕಛೇರಿ ಮುಗಿಯುತ್ತದೆ. ಮೊಬೈಲು ಕೊಂಡವರು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಆ ದಿನಗಳಲ್ಲಿ ನಾನು ಕೊಯಮತ್ತೂರಿನಿಂದ ಲೂಪರ್ ಎಂಬ ಪೆಟ್ಟಿಗೆ ತಂದೆ. ಕಾಲಲ್ಲಿ ಒತ್ತಿದರೆ ಹಾಡಿದ್ದನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಹಾಡುತ್ತದೆ. ಅದರ ಮೇಲೆ ಇನ್ನೊಂದು ದನಿ, ಮತ್ತೊಂದು ದನಿ ಸೇರಿಸಬಹುದು. ಒಬ್ಬನೇ ಒಂದು ಮೇಳ! ಖುಷಿಗೆ ಊಟವೇ ಸೇರಲಿಲ್ಲ.

ಅತ್ತೆಗೆ ಅದು ಬೇಕೇ ಬೇಕೆಂದು ನಾನೇ ತೀರ್ಮಾನಿಸಿದೆ. ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡಿದವಳು ಸ್ವಂತ ಮೊಮ್ಮಗಳ ಮದುವೆಗೆ ಬಾಯಿ ತೆರೆಯುವುದಿಲ್ಲ ಎಂದು ಕೂತಿದ್ದಳು. ಅವಳು ಒಂದು ಸಾಲು ಹಾಡಿದರೆ ಅದನ್ನು ಹಿಂದಿನಿಂದ ಹಾಡಲು, ಅಂದರೆ ಸೊಲ್ಲು ಎತ್ತಲು, ಜೊತೆಯವರು ಬೇಕು. ಅವರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರ ದನಿ ಹೋಗಿತ್ತು. ಈಗಿನ ಹೆಂಗಸರಿಗೆ ಇದೆಲ್ಲ ಬರುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಯಾರನ್ನೂ ಕೇಳಿ ನೋಡಿದವಳಲ್ಲ. ಪೆಟ್ಟಿಗೆಯೇ ಸೊಲ್ಲು ಎತ್ತುತ್ತದೆ ಎಂದೆ.

“ನನ್ ಸೊಲ್ಲ ನಾನೇ ಎತ್ಕಂಡ್ರೆ ಅದ್ಯಾತರ ಸೋಬಾನೆ ಕಣ್ಲಾ?”

ಆದರೂ ಒಂದು ಸಂಜೆ ಜಗಲಿಯ ಮೇಲೆ ಮೈಕಿನ ಮುಂದೆ ಕೂತಳು. ಪರೀಕ್ಷೆಗೆ ಏನಾದರೂ ಅನ್ನು ಎಂದರೆ ಬೀಗರ ಎದುರಿನ ದನಿಯಲ್ಲಿ ಎರಡು ಮಾತಾಡಿದಳು. ಅದಕ್ಕೆ ತಕ್ಕಂತೆ ಗುಂಡಿ ತಿರುಗಿಸಿಟ್ಟೆ. ಹಾಡು ಎತ್ತಿದಳು ನೋಡಿ, ದನಿ ಮಿತಿ ಮೀರಿತೆಂದು ಪೆಟ್ಟಿಗೆಯ ಕೆಂಪು ದೀಪ ಉರಿದು ದನಿ ಗೊರಗೊರ ಅಂದಿತು. ಲೂಪರಿನ ಕಷ್ಟವೇ ಇದು: ಒಮ್ಮೆ ಒಡೆದ ದನಿ ಸುತ್ತಿ ಸುತ್ತಿ ಬರುತ್ತದೆ, ಮೇಲೆ ಸೇರಿಸಿದ್ದನ್ನೂ ಕೆಡಿಸುತ್ತದೆ. ಹಾಲು ಕಾಯಿಸುವವರು ಪಾತ್ರೆಯ ಕಂಠದವರೆಗೆ ಸುರಿಯುವುದಿಲ್ಲ. ಉಕ್ಕುವುದಕ್ಕೆ ಜಾಗ ಬಿಡುತ್ತಾರೆ. ದನಿಗೂ ಅಂಥದೊಂದು ಜಾಗ ಬೇಕು.

ಹಾಗಾದರೆ ಅಳೆಯಬೇಕಾದದ್ದು ಅತ್ತೆಯ ಅತಿ ದೊಡ್ಡ ದನಿಯನ್ನು. ಶಾಸ್ತ್ರದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರೇ ಸ್ಥಾಯಿ. ಕಾಡಂಚಿನ ನಮಗೆ ನಾಲ್ಕನೆಯದೊಂದಿದೆ: ರಾಗಿ ಹೊಲದಿಂದ ಆನೆ ಓಡಿಸುವ ಸ್ಥಾಯಿ. ಅದರಲ್ಲಿ ಕೂಗು ಎಂದೆ. ಕೂಗಿದಳು, ಗುಂಡಿ ಇಳಿಸಿದೆ. ಇನ್ನೊಮ್ಮೆ ಕೂಗಿದಳು, ದೀಪ ಹಸಿರಾಗಿಯೇ ಇತ್ತು. ನಾನು ಕುಣಿದಾಡುವಷ್ಟರಲ್ಲಿ ಬೀದಿಗೆ ಬೀದಿಯೇ ಟಾರ್ಚು ಹಿಡಿದು, ತಗಡಿನ ಡಬ್ಬ ಬಡಿಯುತ್ತ ಬಂದು ನಿಂತಿತು.

“ಆನೆ ಯಾ ಕಡ ಓಯ್ತು ದೊಡ್ಡವ್ವ?” ಎಂದಳು ಎದುರುಮನೆಯ ಚಿಕ್ಕತಾಯಿ, ಏದುಸಿರು ಬಿಡುತ್ತ.

ನನಗೆ ಬೈಗುಳ ತಪ್ಪಿಸಿಕೊಳ್ಳುವ ಅವಸರ. ಆನೆಯಲ್ಲ, ಪೆಟ್ಟಿಗೆ ಎಂದು ತೋರಿಸಲು ಅತ್ತೆಯಿಂದ ಒಂದು ಸಾಲು ಹಾಡಿಸಿದೆ. ಪೆಟ್ಟಿಗೆ ಅದನ್ನು ಎಲ್ಲೂ ಒಡೆಯದೆ ತಿರುಗಿ ಹಾಡಿತು. ಆದರೆ ಅದಕ್ಕಿಂತ ಅರೆಗಳಿಗೆ ಮುಂಚೆ ಚಿಕ್ಕತಾಯಿ, ಡಬ್ಬ ಕೈಯಲ್ಲಿರುವಂತೆಯೇ, ಸೊಲ್ಲು ಎತ್ತಿಬಿಟ್ಟಿದ್ದಳು. ಕಳೆ ಕೀಳುವಾಗ ಅತ್ತೆಯ ಪಕ್ಕದಲ್ಲೇ ಕೇಳಿ ಕೇಳಿ ಬಂದಿತ್ತಂತೆ. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಬಂದಿದ್ದ ಹೆಂಗಸರೆಲ್ಲ. ಅತ್ತೆಯ ಕಣ್ಣು ತುಂಬಿತು, ಆದರೂ ಮುಂದಿನ ಸಾಲಿಗೆ ನೆಗೆದಳು.

“ಮದುವೆಗೂ ಇಂಗೇ ಬನ್ರವ್ವಾ, ಡಬ್ಬ ಮಾತ್ರ ಬುಟ್ಟು ಬನ್ನಿ” ಎಂದಳು ಉಸಿರು ಸಿಕ್ಕಾಗ.

ಅಷ್ಟು ಜತನದಿಂದ ಇಟ್ಟ ಗುಂಡಿ ಒಬ್ಬಳ ದನಿಗೆ ಸಾಕಾಗಿತ್ತು, ಬೀದಿಯ ದನಿಗಲ್ಲ; ಕೆಂಪು ದೀಪ ಮತ್ತೆ ಉರಿಯತೊಡಗಿತು. ಇಳಿಸಬೇಕಿತ್ತು. ಆದರೆ ನನ್ನ ಕೈಗೆ ಬಿಡುವಿರಲಿಲ್ಲ. ಯಾರದೋ ಡಬ್ಬ ಇಸಿದುಕೊಂಡು ನಾನೂ ತಾಳ ಹಾಕುತ್ತಿದ್ದೆ.